ಸ್ಲೋ ಕುಕ್ಕರಿನಲ್ಲಿ ಫ್ರೆಂಚ್ ಶೈಲಿಯ ಕುರಿ ಸ್ಟ್ಯೂ: ನಮ್ಮ ಅಡುಗೆಮನೆಗೆ ಹೊಂದುವ ಕ್ರಮ

ದಾವಣಗೆರೆಯ ನಮ್ಮ ಮನೆಗೆ, ವಿದ್ಯುತ್ತಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಸ್ಲೋ ಕುಕ್ಕರ್ ಬಂದ ಮೊದಲ ಭಾನುವಾರ ನಾನು ಪ್ರೆಶರ್ ಕುಕ್ಕರಿನ ಅಭ್ಯಾಸದಲ್ಲಿಯೇ ಅಡುಗೆ ಮಾಡಿದೆ. ಒಂದು ಕೆ.ಜಿ. ಕುರಿ ಮಾಂಸವನ್ನು ತೊಳೆದು, ಹಸಿಯಾಗಿಯೇ ಪಾತ್ರೆಗೆ ಹಾಕಿ, ಹೆಚ್ಚಿದ ಈರುಳ್ಳಿ ಮತ್ತು ಕ್ಯಾರೆಟ್ ಸೇರಿಸಿ, ಎಲ್ಲವೂ ಮುಳುಗುವಷ್ಟು ನೀರು ಸುರಿದು, ಬೆಳಿಗ್ಗೆ ಎಂಟಕ್ಕೆ ಗುಂಡಿ ತಿರುಗಿಸಿ ನೆಮ್ಮದಿಯಾಗಿ ಕುಳಿತೆ. ಸಂಜೆ ಮುಚ್ಚಳ ತೆಗೆದಾಗ ಮಾಂಸವೇನೋ ಬೆರಳಿನಿಂದ ಒತ್ತಿದರೆ ಎಳೆಎಳೆಯಾಗಿ ಬಿಡುವಷ್ಟು ಬೆಂದಿತ್ತು; ಆದರೆ ಸುತ್ತ ಇದ್ದದ್ದು ಬೂದು ಬಣ್ಣದ ತೆಳು ನೀರು, ಅದರ ಮೇಲೆ ಅರ್ಧ ಬೆರಳು ದಪ್ಪದ ಕೊಬ್ಬು. ಅತ್ತಿಗೆ ಸೌಟಿನಿಂದ ಒಮ್ಮೆ ತಿರುವಿ ನೋಡಿ, "ಇದು ಸಾರೂ ಅಲ್ಲ, ಪಲ್ಯಾನೂ ಅಲ್ಲ, ಏನಂತ ಬಡಿಸ್ಲಿ?" ಎಂದರು.

ತಪ್ಪು ಕುಕ್ಕರಿನದಾಗಿರಲಿಲ್ಲ. ಸ್ಲೋ ಕುಕ್ಕರ್ ಮಾಂಸವನ್ನು ಮೆದುವಾಗಿಸುತ್ತದೆಯೇ ಹೊರತು ರುಚಿಯನ್ನು ಕಟ್ಟಿಕೊಡುವುದಿಲ್ಲ. ಬಣ್ಣ, ಪರಿಮಳ, ಗ್ರೇವಿಯ ಗಟ್ಟಿತನ ಇವೆಲ್ಲವೂ ಮಾಂಸ ಆ ಪಾತ್ರೆಗೆ ಇಳಿಯುವ ಮೊದಲೇ ಒಲೆಯ ಮೇಲಿನ ಬಾಣಲಿಯಲ್ಲಿ ಸಿದ್ಧವಾಗಿರಬೇಕು. ಫ್ರೆಂಚರ ಸ್ಟ್ಯೂ ಅಡುಗೆಯ ಕ್ರಮವೂ ಇದೇ ಆಗಿರುವುದರಿಂದ ಆ ಅಡುಗೆ ಮತ್ತು ಈ ಯಂತ್ರ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಮುಂದೆ ವಿವರಿಸಿರುವುದು ಹಲವು ಭಾನುವಾರಗಳ ತಿದ್ದುಪಡಿಯ ನಂತರ ನಮ್ಮ ಮನೆಯಲ್ಲಿ ನಿಂತ ಕ್ರಮ. ಐದಾರು ಜನರಿಗೆ ಸಾಕಾಗುತ್ತದೆ.

ಯಾವ ಸ್ಟ್ಯೂ, ಯಾವ ಮಾಂಸ

ಫ್ರೆಂಚ್ ಸ್ಟ್ಯೂ ಎಂದೊಡನೆ ಹೆಚ್ಚಿನವರು ಹೆಸರಿಸುವುದು ಬರ್ಗಂಡಿ ಸೀಮೆಯ ಕೆಂಪು ವೈನಿನಲ್ಲಿ ಬೇಯಿಸುವ ಬೂರ್ಗಿನ್ಯೋಂ ಅಥವಾ ದಕ್ಷಿಣದ ಪ್ರೊವೆನ್ಸ್ ಕಡೆಯ ದೋಬ್ ಅನ್ನು. ಇವೆರಡೂ ಸಾಮಾನ್ಯವಾಗಿ ದನದ ಮಾಂಸದ ಅಡುಗೆಗಳು. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯ್ದೆಯು ಹಸು, ಹೋರಿ, ಎತ್ತು ಮತ್ತು ಕರುಗಳ ವಧೆಯನ್ನು ನಿಷೇಧಿಸಿದೆ. ಅಲ್ಲದೆ ನಮ್ಮ ಕಡೆಯ ಬಹುಪಾಲು ಮನೆಗಳಲ್ಲಿ ಬಾಡೂಟವೆಂದರೆ ಮೊದಲಿನಿಂದಲೂ ಕುರಿಯೇ. ಇದರಿಂದ ನಷ್ಟವೇನೂ ಇಲ್ಲ, ಏಕೆಂದರೆ ಕುರಿ ಮಾಂಸಕ್ಕೆಂದೇ ಫ್ರೆಂಚರಲ್ಲಿ ನವರಾಂ ಎಂಬ ಸ್ಟ್ಯೂ ಇದೆ. ಕುರಿ ಮಾಂಸ, ಟರ್ನಿಪ್ ಗಡ್ಡೆ, ಸಣ್ಣ ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಕೊನೆಯಲ್ಲಿ ಹಸಿ ಬಟಾಣಿ, ಇವಿಷ್ಟು ಅದರ ಸಾಮಗ್ರಿ. ಟರ್ನಿಪ್ಪಿಗೆ ಫ್ರೆಂಚಿನಲ್ಲಿರುವ ನಾವೆ ಎಂಬ ಪದದಿಂದ ಈ ಹೆಸರು ಬಂದಿದೆ ಎಂದು ಕೆಲವರು ಹೇಳಿದರೆ, 1827ರ ನವರಿನೊ ನೌಕಾ ಕದನದಿಂದ ಬಂದಿದೆ ಎಂದು ಇನ್ನು ಕೆಲವರು ಹೇಳುತ್ತಾರೆ. ತಿನ್ನುವವರಿಗೆ ಎರಡರಲ್ಲಿ ಯಾವುದಾದರೂ ಆದೀತು.

ದಾವಣಗೆರೆ, ಚಿತ್ರದುರ್ಗ ಎರಡೂ ಕುರಿ ಸೀಮೆಗಳು. ಇಲ್ಲಿ ಸಿಗುವ ಬಳ್ಳಾರಿ ತಳಿಯ ಕುರಿಗಳು ಬಯಲಿನಲ್ಲಿ ಅಡ್ಡಾಡಿ ಮೇಯ್ದು ಬೆಳೆದಿರುವುದರಿಂದ ಅವುಗಳ ಭುಜ ಮತ್ತು ಕತ್ತಿನ ಮಾಂಸದಲ್ಲಿ ನಾರು ಹೆಚ್ಚು. ಸಾರು ಮಾಡುವವರು ದೂರುವ ಈ ಗಟ್ಟಿತನವೇ ಸ್ಲೋ ಕುಕ್ಕರಿಗೆ ಬೇಕಾದದ್ದು. ಮಾಂಸದ ಎಳೆಗಳನ್ನು ಹಿಡಿದಿಟ್ಟಿರುವ ಕೊಲಾಜೆನ್ ಎಂಬ ಅಂಟುನಾರು ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದಾಗ ಕರಗಿ ಜೆಲಾಟಿನ್ ಆಗುತ್ತದೆ, ಮತ್ತು ಗ್ರೇವಿ ತುಟಿಗೆ ಅಂಟುವಂತೆ ಆಗುವುದು ಅದರಿಂದಲೇ. ತೊಡೆಯ ಹಿಂಭಾಗದ ಬರೀ ಮೆತ್ತನೆ ಮಾಂಸದಲ್ಲಿ ಈ ಅಂಟುನಾರು ಕಡಿಮೆಯಾದ್ದರಿಂದ ಅಂಥ ಮಾಂಸ ಎಂಟು ಗಂಟೆ ಬೆಂದರೆ ಒಣಗಿದ ಹತ್ತಿಯಂತಾಗುತ್ತದೆ; ಬೆಲೆ ಹೆಚ್ಚೆಂಬ ಕಾರಣಕ್ಕೆ ಅದನ್ನೇ ಕೇಳಿ ತರಬೇಡಿ.

ಅಂಗಡಿಯಲ್ಲಿ ಕೇಳಬೇಕಾದದ್ದು ಭುಜದ ಭಾಗ ಮುಕ್ಕಾಲು ಕೆ.ಜಿ., ಕತ್ತು ಅಥವಾ ನಲ್ಲಿ ಮೂಳೆಯ ಭಾಗ ಕಾಲು ಕೆ.ಜಿ., ಎಲ್ಲವೂ ಮೂಳೆ ಸಮೇತ. ಮಟನ್ ಅಂಗಡಿಯವರ ಕೈ ತಾನಾಗಿ ಸಾರಿನ ಅಳತೆಗೆ ಓಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಅಡಿಕೆಯ ಗಾತ್ರದ ತುಂಡುಗಳು ಕಾಗದದ ಮೇಲೆ ಬಿದ್ದಿರುತ್ತವೆ. ಆದ್ದರಿಂದ ಕತ್ತಿ ಎತ್ತುವ ಮೊದಲೇ, "ಅಣ್ಣಾ, ಸಾರಿನ ಪೀಸ್ ಬ್ಯಾಡ್ರಿ, ಎರಡು ಇಂಚಿನವು ಮಾಡಿಕೊಡ್ರಿ" ಎಂದು ಹೇಳಿಬಿಡಬೇಕು. ಸಣ್ಣ ತುಂಡು ಎಂಟು ಗಂಟೆಯ ಶಾಖಕ್ಕೆ ಪುಡಿಯಾಗುತ್ತದೆ. ಎಳೆಯ ಮರಿಯ ಮಾಂಸ ಸಿಕ್ಕಿದರೆ ಅದನ್ನು ಸಾರಿಗೇ ಇಟ್ಟುಕೊಳ್ಳುವುದು ಲೇಸು; ಈ ಅಡುಗೆಗೆ ಬಳಸಿದರೂ ಐದು ಗಂಟೆಗಿಂತ ಹೆಚ್ಚು ಬೇಯಿಸಬಾರದು.

ಯಂತ್ರದ ಬಗ್ಗೆ ನಾಲ್ಕು ಮಾತು

ಪ್ರೆಶರ್ ಕುಕ್ಕರಿನ ಮೂಲಪುರುಷ ಡೆನಿ ಪಪಾಂ ಒಬ್ಬ ಫ್ರೆಂಚ್ ವಿಜ್ಞಾನಿ. ಮೂಳೆಯನ್ನೂ ಮೆದು ಮಾಡುವ ತನ್ನ ಆವಿ ಪಾತ್ರೆಯನ್ನು ಅವನು ಲಂಡನ್ನಿನಲ್ಲಿ ತೋರಿಸಿದ್ದು 1679ರಲ್ಲಿ. ಸ್ಲೋ ಕುಕ್ಕರ್ ಬಂದದ್ದು ಅಮೆರಿಕದಿಂದ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬುವರು, ಯಹೂದಿ ಮನೆಗಳವರು ಶಬ್ಬತ್ ಎಂಬ ವಾರದ ವಿಶ್ರಾಂತಿ ದಿನದ ಊಟಕ್ಕೆಂದು ಹಿಂದಿನ ಸಂಜೆಯೇ ಬೇಕರಿಯ ಒಲೆಯಲ್ಲಿಟ್ಟು ಬರುತ್ತಿದ್ದ ಚೋಲೆಂಟ್ ಎಂಬ ಅಡುಗೆಯ ಕಥೆಯನ್ನು ತಾಯಿಯಿಂದ ಕೇಳಿ, ಅದನ್ನೇ ವಿದ್ಯುತ್ತಿನಲ್ಲಿ ಮಾಡುವ ಪಾತ್ರೆಯನ್ನು ರೂಪಿಸಿ 1940ರಲ್ಲಿ ಪೇಟೆಂಟ್ ಪಡೆದರು. 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಅದು ಮನೆಮಾತಾಯಿತು. ಕುಳ್ಳಿನ ಕೆಂಡದ ಮೇಲೆ ಇಡೀ ದಿನ ಕಾದು ಕೆನೆ ಕೆಂಪಾಗುತ್ತಿದ್ದ ಹಾಲಿನ ಮಡಕೆಯನ್ನು ಕಂಡವರಿಗೆ ಇದರ ಕೆಲಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಾಲ್ಕರಿಂದ ಐದು ಲೀಟರಿನ ಪಾತ್ರೆ ಈ ಅಳತೆಗೆ ಸರಿ. ಅರ್ಧಕ್ಕಿಂತ ಕಡಿಮೆ ತುಂಬಿದರೆ ಅಂಚು ಸೀಯುತ್ತದೆ, ಮುಕ್ಕಾಲಿಗಿಂತ ಹೆಚ್ಚು ತುಂಬಿದರೆ ನಡುವೆ ಬೇಯುವುದು ತಡವಾಗುತ್ತದೆ. ಲೋ ಮತ್ತು ಹೈ ಎಂಬ ಎರಡು ಗುರುತುಗಳನ್ನು ಸಣ್ಣ ಉರಿ, ದೊಡ್ಡ ಉರಿ ಎಂದು ತಿಳಿಯುವವರು ಹೆಚ್ಚು. ಬಹುತೇಕ ಯಂತ್ರಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಕುದಿಯುವ ಹಂತದ ಸಮೀಪದ ಹೆಚ್ಚುಕಡಿಮೆ ಒಂದೇ ಬಿಸಿಯನ್ನು. ಅಲ್ಲಿಗೆ ತಲುಪಲು ತೆಗೆದುಕೊಳ್ಳುವ ಸಮಯದಲ್ಲಿ ಮಾತ್ರ ವ್ಯತ್ಯಾಸ. ಸಣ್ಣ ಯಂತ್ರ 200ರಿಂದ 250 ವ್ಯಾಟ್ ಎಳೆಯುವುದರಿಂದ ಎಂಟು ಗಂಟೆಗೆ ಒಂದೂವರೆಯಿಂದ ಎರಡು ಯೂನಿಟ್ ಖರ್ಚಾಗುತ್ತದೆ. ಒಳಗಿನ ಪಿಂಗಾಣಿ ಪಾತ್ರೆಯನ್ನು ಗ್ಯಾಸ್ ಒಲೆಯ ಮೇಲೆ ಇಡಬಾರದು. ಬಿಸಿಯಿದ್ದಾಗ ತಣ್ಣೀರು ಸುರಿದರೂ ಸೀಳು ಬಿಡುತ್ತದೆ.

ಸಾಮಗ್ರಿ ಮತ್ತು ಬದಲಿ

ಒಂದು ಕೆ.ಜಿ. ಮಾಂಸಕ್ಕೆ ಎರಡು ಚಮಚ ಉಪ್ಪು, ಒಂದು ಚಮಚ ಆಗತಾನೆ ಕುಟ್ಟಿದ ಕಾಳುಮೆಣಸು, ಅರ್ಧ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಶೇಂಗಾ ಎಣ್ಣೆ, ಎರಡು ದೊಡ್ಡ ಚಮಚ ಬೆಣ್ಣೆ, ಎರಡು ದೊಡ್ಡ ಚಮಚ ಮೈದಾ, ಎರಡು ದೊಡ್ಡ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ ಮತ್ತು ಮೂರು ಮಾಗಿದ ಟೊಮೆಟೊ ಬೇಕು. ತರಕಾರಿಯಾಗಿ ಕಾಲು ಕೆ.ಜಿ. ಕ್ಯಾರೆಟ್, 300 ಗ್ರಾಂ ಆಲೂಗಡ್ಡೆ, ಕಾಲು ಕೆ.ಜಿ. ಟರ್ನಿಪ್, ಹದಿನೈದು ಸಾಂಬಾರ್ ಈರುಳ್ಳಿ ಮತ್ತು ಒಂದು ಬಟ್ಟಲು ಹಸಿ ಬಟಾಣಿ ಇಟ್ಟುಕೊಳ್ಳಿ. ಎಣ್ಣೆ ಚಳ್ಳಕೆರೆಯ ಗಾಣದ್ದು, ಬೆಣ್ಣೆ ದೋಸೆಯ ಹೋಟೆಲಿನವರು ತರಿಸುವಂಥ ಹಸಿ ಬೆಣ್ಣೆಯಾದರೆ ಹೊರಗಿನ ಆಲಿವ್ ಎಣ್ಣೆಯನ್ನು ಹುಡುಕುವ ಅಗತ್ಯವೇ ಇಲ್ಲ. ಆದರೆ ಹಸಿ ಬೆಣ್ಣೆಯಲ್ಲಿ ನೀರಿನ ಅಂಶ ಇರುವುದರಿಂದ ಅದೊಂದರಲ್ಲೇ ಮಾಂಸ ಹುರಿಯಬಾರದು.

ನಮ್ಮ ಮಾರುಕಟ್ಟೆಯಲ್ಲಿ ಟರ್ನಿಪ್ ಎಲ್ಲ ಕಾಲದಲ್ಲೂ ಸಿಗುವುದಿಲ್ಲ. ಆಗ ನವಿಲುಕೋಸನ್ನು ದಪ್ಪ ಸಿಪ್ಪೆ ತೆಗೆದು ಬಳಸಬಹುದು. ರುಚಿ ತುಸು ಸಿಹಿಯಾದೀತು, ಅಷ್ಟೇ. ಮೂಲಂಗಿಯನ್ನೂ ಒಮ್ಮೆ ಹಾಕಿ ನೋಡಿದ್ದೇನೆ. ಅದರ ವಾಸನೆ ಉಳಿದದ್ದನ್ನೆಲ್ಲ ನುಂಗಿತು.

ಸೊಪ್ಪಿನ ವಿಷಯಕ್ಕೆ ಬಂದರೆ, ಫ್ರೆಂಚರು ಥೈಮ್, ಪಾರ್ಸ್ಲಿಯ ದಂಟು ಮತ್ತು ಬೇ ಎಲೆಗಳನ್ನು ದಾರದಿಂದ ಕಟ್ಟಿ ಪಾತ್ರೆಯಲ್ಲಿ ಇಳಿಬಿಡುತ್ತಾರೆ, ಬಡಿಸುವ ಮೊದಲು ಆ ಕಟ್ಟನ್ನು ಎತ್ತಿ ಬಿಸಾಡುತ್ತಾರೆ. ನಮ್ಮ ದಿನಸಿ ಅಂಗಡಿಯ ಪಲಾವ್ ಎಲೆ ಅವರ ಬೇ ಎಲೆಯಲ್ಲ. ನಮ್ಮದರ ಮೇಲೆ ಉದ್ದಕ್ಕೆ ಮೂರು ನರಗಳು ಎದ್ದು ಕಾಣುತ್ತವೆ ಮತ್ತು ಅದು ಚಕ್ಕೆಯ ಜಾತಿಗೆ ಸೇರಿದ್ದು; ಎರಡು ಮೂರು ಹಾಕಿದರೆ ಸ್ಟ್ಯೂ ಪಲಾವಿನ ವಾಸನೆ ಹೊಡೆಯುತ್ತದೆ. ಒಂದು ಎಲೆಯ ಅರ್ಧ ಸಾಕು. ಥೈಮಿಗೆ ಒಳ್ಳೆಯ ಬದಲಿ ನಮ್ಮ ಡಬ್ಬಿಯಲ್ಲೇ ಇದೆ: ಥೈಮಿಗೆ ಪರಿಮಳ ಕೊಡುವ ಥೈಮಾಲ್ ಎಂಬ ಅಂಶವೇ ಓಮದಲ್ಲಿಯೂ ಇದೆ. ಓಮದಲ್ಲಿ ಅದು ಬಹಳ ಖಾರವಾಗಿ ಇರುವುದರಿಂದ ಎರಡು ಬೆರಳಿನ ತುದಿಗೆ ಸಿಕ್ಕಷ್ಟನ್ನು ಅಂಗೈಯಲ್ಲಿ ಉಜ್ಜಿ, ಕೊತ್ತಂಬರಿ ದಂಟು ಮತ್ತು ಪಲಾವ್ ಎಲೆಯೊಂದಿಗೆ ತೆಳು ಬಟ್ಟೆಯಲ್ಲಿ ಗಂಟು ಕಟ್ಟಬೇಕು. ಇಷ್ಟರ ಹೊರತು ಚಕ್ಕೆ, ಲವಂಗ, ಏಲಕ್ಕಿ, ಗಸಗಸೆ, ಕೊಬ್ಬರಿ ಯಾವುದೂ ಬೇಡ. ಕೈ ತಡೆಯುವುದು ಕಷ್ಟವೆಂದು ಬಲ್ಲೆ, ಆದರೂ ತಡೆಯಿರಿ.

ದ್ರವಕ್ಕೆ ಕಾಲು ಲೀಟರ್ ಮೂಳೆ ಸಾರಿನ ತಿಳಿ ಮತ್ತು 150 ಮಿಲಿ ಕೆಂಪು ವೈನ್ ಸೇರಿ 400 ಮಿಲಿ ಸಾಕು. ಮನೆಯಲ್ಲಿ ವೈನ್ ಬಳಸದವರು 150 ಮಿಲಿ ದಾಳಿಂಬೆ ರಸಕ್ಕೆ ಒಂದು ಚಮಚ ವಿನೆಗರ್ ಬೆರೆಸಿಕೊಳ್ಳಬಹುದು. ಹಿರಿಯೂರು, ಹೊಸದುರ್ಗದ ಕಡೆಯ ತೋಟಗಳಿಂದ ಬರುವ ದಾಳಿಂಬೆಯ ರಸಕ್ಕೆ ಬಣ್ಣವೂ ಇದೆ, ವೈನಿನಲ್ಲಿರುವಂಥ ಒಗರೂ ಇದೆ. ಕಪ್ಪು ದ್ರಾಕ್ಷಿಯ ರಸ ಬರೀ ಸಿಹಿ. ಅದನ್ನು ಬಳಸುವುದಾದರೆ ವಿನೆಗರನ್ನು ಇಮ್ಮಡಿ ಮಾಡಿ, ಸಕ್ಕರೆ ಬಿಡಿ. ಹುಣಸೆಹಣ್ಣು ಹಾಕಿದರೆ ಅದು ಸಾರಾಗುತ್ತದೆ, ಸ್ಟ್ಯೂ ಆಗುವುದಿಲ್ಲ.

ಬಾಣಲಿಯ ಕೆಲಸ

ಇಡೀ ಅಡುಗೆಯ ನಲವತ್ತು ನಿಮಿಷದ ದುಡಿಮೆ ಇಲ್ಲಿದೆ, ಉಳಿದದ್ದೆಲ್ಲ ಕಾಯುವಿಕೆ. ಫ್ರಿಜ್ಜಿನಲ್ಲಿಟ್ಟ ಮಾಂಸವಾದರೆ ಪೂರ್ತಿ ಕರಗಿರಬೇಕು. ಮಂಜುಗಟ್ಟಿದ ಮಾಂಸವನ್ನು ಸ್ಲೋ ಕುಕ್ಕರಿಗೆ ಹಾಕಲೇಬಾರದು, ಏಕೆಂದರೆ ಅದು ಬಿಸಿಯೇರುವಷ್ಟರಲ್ಲಿ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದು ಕ್ರಿಮಿಗಳಿಗೆ ಅನುಕೂಲವಾಗುತ್ತದೆ. ತೊಳೆದ ಮಾಂಸವನ್ನು ಹಳೆಯ ಹತ್ತಿ ಬಟ್ಟೆಯ ಮೇಲೆ ಹರಡಿ ಒಂದೊಂದೇ ತುಂಡನ್ನು ಒತ್ತಿ ಒರೆಸಿ. ಇದನ್ನು ಬೇಸರದ ಕೆಲಸವೆಂದು ಬಿಟ್ಟವರ ಸ್ಟ್ಯೂ ಬೂದಾಗುವುದು ಖಂಡಿತ. ಮಾಂಸವನ್ನು ಕಂದು ಮಾಡಿ ಪರಿಮಳ ಹುಟ್ಟಿಸುವ ಬದಲಾವಣೆಯನ್ನು 1912ರಲ್ಲಿ ವಿವರಿಸಿದ ಲೂಯಿ ಕಮೀಯ್ ಮಯಾರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನ ಹೆಸರಿನಲ್ಲೇ ಅದನ್ನು ಇಂದಿಗೂ ಕರೆಯುತ್ತಾರೆ. ಅದು ಚುರುಕಾಗಿ ನಡೆಯಲು ಸುಮಾರು 140 ಡಿಗ್ರಿಯ ಬಿಸಿ ಬೇಕು. ನೀರಿರುವ ತನಕ ಮಾಂಸದ ಮೈ 100 ಡಿಗ್ರಿ ದಾಟುವುದಿಲ್ಲ. ಸ್ಲೋ ಕುಕ್ಕರಿನ ಒದ್ದೆಯಲ್ಲಿ ಎಂಟು ಗಂಟೆ ಇಟ್ಟರೂ ಮಾಂಸ ಬಾಣಲಿಯಲ್ಲಿ ಆದಂತೆ ಕಂದಾಗದಿರುವುದು ಇದೇ ಕಾರಣಕ್ಕೆ.

ಒರೆಸಿದ ಮಾಂಸಕ್ಕೆ ಉಪ್ಪು, ಮೆಣಸು ಸವರಿ, ದಪ್ಪ ತಳದ ಕಬ್ಬಿಣದ ಬಾಣಲಿಯಲ್ಲಿ ಶೇಂಗಾ ಎಣ್ಣೆ ಕಾಯಿಸಿ. ನಾನ್‌ಸ್ಟಿಕ್ ಬಾಣಲಿ ಇದಕ್ಕೆ ಆಗದು, ಏಕೆಂದರೆ ನಮಗೆ ಬೇಕಾಗಿರುವುದೇ ತಳಕ್ಕೆ ಹಿಡಿಯುವ ಅಂಟು. ಎಣ್ಣೆ ಹೊಗೆಯಾಡುವ ಸ್ವಲ್ಪ ಮೊದಲು ಆರೇಳು ತುಂಡುಗಳನ್ನು, ಒಂದಕ್ಕೊಂದು ತಾಗದಂತೆ, ಇಳಿಸಿ. ಮೊದಲು ಜೋರಾಗಿ ಚರ್ ಎಂದು ಸದ್ದಾಗುತ್ತದೆ. ಆಗಲೇ ತಿರುವಲು ಹೋದರೆ ತುಂಡು ಕಚ್ಚಿಕೊಂಡಿರುತ್ತದೆ, ಎಳೆದರೆ ಮೈ ಕಿತ್ತುಬರುತ್ತದೆ. ಸೌಟನ್ನು ಬದಿಗಿಟ್ಟು ಕಾಯಿರಿ. ಮೂರು ನಿಮಿಷವಾಗುತ್ತ ಬಂದಂತೆ ಸದ್ದು ಒಣಗಿ ಚಟಪಟ ಎನ್ನತೊಡಗುತ್ತದೆ, ತುಂಡಿನ ಅಂಚಿನಲ್ಲಿ ಹುರಿಗಡಲೆ ಬಣ್ಣದ ಗೆರೆಯೊಂದು ಮೇಲೇರುತ್ತದೆ, ಮತ್ತು ಬೆರಳಿನಿಂದ ತಳ್ಳಿದರೂ ಸಾಕು, ಅದು ತಾನಾಗಿ ತಳ ಬಿಟ್ಟು ಜಾರುತ್ತದೆ. ತಿರುವಬೇಕಾದದ್ದು ಆಗ. ಎರಡೂ ಬದಿ ಕಂದಾದ ಮೇಲೆ ತೆಗೆದಿಟ್ಟು ಮುಂದಿನ ಕಂತು ಹಾಕಿ. ಒಂದು ಕೆ.ಜಿ. ಮಾಂಸವನ್ನು ಒಂದೇ ಸಲಕ್ಕೆ ಸುರಿದರೆ ಬಾಣಲಿ ತಣ್ಣಗಾಗಿ ಮಾಂಸ ನೀರು ಬಿಟ್ಟುಕೊಂಡು ಅದರಲ್ಲೇ ಬೇಯುತ್ತದೆ. ಕೊನೆಯ ಕಂತಿನ ಮೇಲೆ ಅರ್ಧ ಚಮಚ ಸಕ್ಕರೆ ಉದುರಿಸಿ ಒಂದು ನಿಮಿಷ ತಿರುವಿದರೆ ಅದು ಕೆಂಪಾಗಿ ಗ್ರೇವಿಗೆ ಬಣ್ಣ ಕೊಡುತ್ತದೆ. ಇದು ನವರಾಂ ಮಾಡುವವರ ಹಳೆಯ ರೂಢಿ, ನನ್ನ ಜಾಣತನವಲ್ಲ.

ಬಾಣಲಿಯಲ್ಲಿ ಉಳಿದ ಕೊಬ್ಬನ್ನು ಒಂದು ದೊಡ್ಡ ಚಮಚದಷ್ಟು ಬಿಟ್ಟು ಉಳಿದದ್ದನ್ನು ತೆಗೆದುಬಿಡಿ. ಕಡಿಮೆ ಉರಿಯಲ್ಲಿ ಒಂದು ಚಮಚ ಬೆಣ್ಣೆ ಹಾಕಿ, ಸಣ್ಣಗೆ ಹೆಚ್ಚಿದ ದೊಡ್ಡ ಈರುಳ್ಳಿಯನ್ನು ಹತ್ತು ನಿಮಿಷ, ಚಿನ್ನದ ಬಣ್ಣಕ್ಕೆ ಬರುವ ತನಕ ಬಾಡಿಸಿ. ಒಗ್ಗರಣೆಗೆ ಹುರಿದಂತೆ ಅವಸರ ಬೇಡ. ನಂತರ ಜಜ್ಜಿದ ಬೆಳ್ಳುಳ್ಳಿ, ಅರ್ಧ ನಿಮಿಷ ಬಿಟ್ಟು ಮೈದಾ. ಮೈದಾ ಹಾಕಿದ ಮೇಲೆ ಎರಡು ನಿಮಿಷ ಕೈಬಿಡದೆ ಕೆದಕಿದರೆ ಅದರ ಹಸಿ ವಾಸನೆ ಹೋಗಿ ಬಿಸ್ಕತ್ತಿನ ಪರಿಮಳ ಬರುತ್ತದೆ. ಆಗ ವೈನ್ ಅಥವಾ ದಾಳಿಂಬೆ ರಸ ಸುರಿದು, ಮರದ ಸೌಟಿನಿಂದ ತಳದ ಕಂದು ಅಂಟನ್ನೆಲ್ಲ ಕೆರೆದು ಕರಗಿಸಿ. ಇಡೀ ಸ್ಟ್ಯೂವಿನ ಸತ್ವ ಇರುವುದು ಆ ಅಂಟಿನಲ್ಲಿ. ಅದನ್ನು ತೊಳೆಯುವ ಪಾತ್ರೆಗಳ ಜೊತೆ ಬಚ್ಚಲಿಗೆ ಕಳಿಸಿದರೆ ಇಷ್ಟು ಹೊತ್ತು ಪಟ್ಟ ಶ್ರಮ ನೀರಲ್ಲಿ ಹೋಮ ಮಾಡಿದಂತೆ. ದ್ರವ ಅರ್ಧಕ್ಕೆ ಇಳಿಯುವವರೆಗೆ ಕುದಿಸಬೇಕು, ಏಕೆಂದರೆ ಮುಚ್ಚಳ ಹಾಕಿದ ಸ್ಲೋ ಕುಕ್ಕರಿನಿಂದ ಆವಿ ಹೊರಹೋಗುವುದು ಬಹಳ ಕಡಿಮೆ, ಮತ್ತು ವೈನಿನ ಹಸಿ ಕಟುತನ ಒಳಗೇ ಉಳಿದುಬಿಡುತ್ತದೆ. ಕೊನೆಗೆ ಹೆಚ್ಚಿದ ಟೊಮೆಟೊ ಹಾಕಿ ಐದು ನಿಮಿಷ ಬೇಯಿಸಿ, ಮೂಳೆ ಸಾರಿನ ತಿಳಿ ಸೇರಿಸಿ ಒಂದು ಕುದಿ ಬರಿಸಿ.

ಪಾತ್ರೆಗೆ ಇಳಿಸುವುದು

ಆಲೂಗಡ್ಡೆ ಮತ್ತು ಕ್ಯಾರೆಟ್ಟನ್ನು ಒಂದು ಇಂಚಿನ ತುಂಡುಗಳಾಗಿ ಹೆಚ್ಚಿ ಪಿಂಗಾಣಿ ಪಾತ್ರೆಯ ತಳಕ್ಕೂ ಅಂಚಿಗೂ ಜೋಡಿಸಿ, ಅದರ ಮೇಲೆ ಮಾಂಸ ಇಡಿ. ಪ್ರೆಶರ್ ಕುಕ್ಕರಿನಲ್ಲಿ ಮೊದಲು ಕರಗುವುದು ಆಲೂಗಡ್ಡೆಯಾದರೆ, ಇಲ್ಲಿ ಕೊನೆಗೆ ಬೇಯುವುದು ಅದೇ. ಟೊಮೆಟೊ ಮತ್ತು ವೈನಿನ ಹುಳಿ ಗಡ್ಡೆಗಳನ್ನು ಇನ್ನಷ್ಟು ಬಿಗಿಗೊಳಿಸುವುದರಿಂದ ದಪ್ಪ ಹೋಳುಗಳಾದರೆ ಎಂಟು ಗಂಟೆಯ ನಂತರವೂ ನಡುವೆ ಗಟ್ಟಿ ಉಳಿಯುತ್ತದೆ. ಸೊಪ್ಪಿನ ಗಂಟನ್ನು ನಡುವೆ ಹುದುಗಿಸಿ, ಕುದಿಯುತ್ತಿರುವ ಗ್ರೇವಿಯನ್ನು ನಿಧಾನವಾಗಿ ಸುರಿಯಿರಿ. ಬಿಸಿಯಾಗಿಯೇ ಸುರಿಯಬೇಕು, 5ರಿಂದ 60 ಡಿಗ್ರಿಯ ನಡುವಿನ ಅಪಾಯದ ಬಿಸಿಯನ್ನು ಅಡುಗೆ ಬೇಗ ದಾಟುತ್ತದೆ. ಆದರೆ ಪಿಂಗಾಣಿ ತಣ್ಣಗಿದ್ದರೆ ಮೊದಲು ಬಿಸಿನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿಕೊಳ್ಳಿ.

ಈಗ ದ್ರವ ಮಾಂಸದ ಅರ್ಧ ಎತ್ತರಕ್ಕೆ ಮಾತ್ರ ಬಂದಿರುತ್ತದೆ, ಮತ್ತು ನೋಡಿದವರೆಲ್ಲ ಇನ್ನೊಂದು ಚೊಂಬು ನೀರು ಹಾಕೆನ್ನುತ್ತಾರೆ. ಹಾಕಬೇಡಿ. ಮಾಂಸ, ಟೊಮೆಟೊ, ಈರುಳ್ಳಿ ಬಿಡುವ ರಸವೇ ಸೇರಿ ಸಂಜೆಯ ಹೊತ್ತಿಗೆ ಎಲ್ಲವನ್ನೂ ಮುಕ್ಕಾಲು ಮುಳುಗಿಸುತ್ತದೆ.

ಬಲಿತ ಕುರಿಯ ಮಾಂಸಕ್ಕೆ ಲೋ ಗುರುತಿನಲ್ಲಿ ಏಳೂವರೆಯಿಂದ ಎಂಟು ಗಂಟೆ, ಹೈ ಗುರುತಿನಲ್ಲಿ ನಾಲ್ಕೂವರೆಯಿಂದ ಐದು ಗಂಟೆ ಬೇಕು. ನನ್ನ ಮಟ್ಟಿಗೆ ಲೋ ಮೇಲು, ಗ್ರೇವಿ ತಿಳಿಯಾಗಿರುತ್ತದೆ. ಮುಚ್ಚಳ ತೆಗೆಯುವ ಆಸೆಯನ್ನು ಅದುಮಬೇಕು. ಒಮ್ಮೆ ತೆಗೆದರೆ ಒಳಗೆ ಕಟ್ಟಿದ್ದ ಆವಿಯೆಲ್ಲ ಹಾರಿ, ಮತ್ತೆ ಅದೇ ಬಿಸಿಗೆ ಬರಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ನಮ್ಮ ಮನೆಯ ಮಕ್ಕಳು ಒಂದು ಮಧ್ಯಾಹ್ನ ಸರದಿಯ ಮೇಲೆ ಮುಚ್ಚಳ ಎತ್ತಿ ವಾಸನೆ ನೋಡಿದ್ದರಿಂದ ರಾತ್ರಿ ಊಟ ಹತ್ತೂವರೆಗಾಯಿತು. ಗಾಜಿನ ಮುಚ್ಚಳದ ಮೇಲೆ ಬೆರಳಿನಿಂದ ತಟ್ಟಿದರೆ ಒಳಗಿನ ಹನಿ ಉದುರಿ ಎಲ್ಲವೂ ಕಾಣುತ್ತದೆ, ಅಷ್ಟು ಸಾಕು.

ಕರೆಂಟು ಹೋದರೆ

ಹೊರಗಿನವರ ಪಾಕವಿಧಾನಗಳಲ್ಲಿ ಈ ಮಾತು ಸಾಮಾನ್ಯವಾಗಿ ಇರುವುದಿಲ್ಲ, ಆದರೆ ನಮಗೆ ಬೇಸಿಗೆಯಲ್ಲಿ ಇದು ಬೇಕೇ ಬೇಕು. ನೀವು ಮನೆಯಲ್ಲಿದ್ದು, ಅಡುಗೆ ಇನ್ನೂ ಅರ್ಧ ಬೆಂದಿರುವಾಗ ಕರೆಂಟು ಹೋಗಿ ಬೇಗ ಬರುವ ಸೂಚನೆ ಇಲ್ಲದಿದ್ದರೆ, ಎಲ್ಲವನ್ನೂ ದಪ್ಪ ತಳದ ಪಾತ್ರೆಗೆ ಬಗ್ಗಿಸಿ ಗ್ಯಾಸಿನ ಅತಿ ಸಣ್ಣ ಉರಿಯಲ್ಲಿ ಮುಂದುವರಿಸಿ. ತಳ ಹಿಡಿಯದಂತೆ ಆಗಾಗ ನೋಡುತ್ತಿರಬೇಕು. ಪೂರ್ತಿ ಬೆಂದ ಮೇಲೆ ಹೋದರೆ ಮುಚ್ಚಳ ತೆಗೆಯದೆ ಎರಡು ಗಂಟೆಯವರೆಗೆ ಇಡಬಹುದು. ಬೆಳಿಗ್ಗೆ ಗುಂಡಿ ತಿರುಗಿಸಿ ಕೆಲಸಕ್ಕೆ ಹೋಗಿದ್ದು, ಸಂಜೆ ಬಂದಾಗ ಯಂತ್ರದ ಮೇಲಿನ ಅಂಕಿಗಳು ಮಿನುಗುತ್ತಿದ್ದರೆ, ಅಂದರೆ ನಡುವೆ ಎಷ್ಟು ಹೊತ್ತು ನಿಂತಿತ್ತೆಂಬುದೇ ತಿಳಿಯದಿದ್ದರೆ, ಬೆಂದಂತೆ ಕಂಡರೂ ಚೆಲ್ಲುವುದೇ ಸರಿ. ಒಂದು ಕೆ.ಜಿ. ಮಟನ್ ಚೆಲ್ಲುವುದು ಸುಲಭವಲ್ಲ, ಆದರೂ. ಇನ್ವರ್ಟರ್ ಇರುವವರ ಮನೆಯಲ್ಲಿ 250 ವ್ಯಾಟಿನ ಈ ಹೊರೆ ಸಾಮಾನ್ಯವಾಗಿ ಭಾರವಲ್ಲ. ಆದರೆ ಫ್ಯಾನುಗಳ ಜೊತೆಗೆ ಎಷ್ಟು ಹೊತ್ತು ತಾಳುತ್ತದೆಂದು ಒಮ್ಮೆ ಬರೀ ನೀರಿಟ್ಟು ಪರೀಕ್ಷಿಸಿಕೊಳ್ಳಿ. ಮೊದಲ ಬಾರಿ ಮಾಡುವವರು ಮನೆಯಲ್ಲೇ ಇರುವ ರಜಾದಿನವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಕೊನೆಯ ಒಂದೂವರೆ ಗಂಟೆ

ಟರ್ನಿಪ್ ಮತ್ತು ಸಾಂಬಾರ್ ಈರುಳ್ಳಿ ಬೆಳಿಗ್ಗೆಯೇ ಪಾತ್ರೆಗೆ ಬಿದ್ದರೆ ಸಂಜೆಗೆ ಅವುಗಳ ಆಕಾರವೂ ಉಳಿಯದು, ರುಚಿಯೂ ಉಳಿಯದು. ಊಟಕ್ಕೆ ಒಂದೂವರೆ ಗಂಟೆ ಇರುವಾಗ ಅವುಗಳನ್ನು ಬಾಣಲಿಯಲ್ಲಿ ಸ್ವಲ್ಪ ಬೆಣ್ಣೆ, ಒಂದು ಚಿಟಿಕೆ ಉಪ್ಪು, ಅರ್ಧ ಲೋಟ ನೀರಿನೊಂದಿಗೆ ಮುಚ್ಚಿ ಬೇಯಿಸಿ, ನೀರು ಆರಿ ಬೆಣ್ಣೆಯಲ್ಲಿ ಮಿರುಗತೊಡಗಿದಾಗ ಸ್ಲೋ ಕುಕ್ಕರಿಗೆ ಸೇರಿಸಿ. ಮುಚ್ಚಳ ತೆಗೆಯಲು ಹೀಗೆ ತರಕಾರಿ ಸೇರಿಸುವುದೊಂದೇ ಸಕಾರಣ. ಬಟಾಣಿಯನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಹಾಕಿದರೆ ಹಸಿರು ಉಳಿಯುತ್ತದೆ.

ಬೆಂದಿದೆಯೇ ಎಂದು ನೋಡಲು ಕತ್ತಿನ ತುಂಡನ್ನು ಎತ್ತಿ ಮೂಳೆ ಹಿಡಿದು ಅಲುಗಿಸಿ. ಮಾಂಸ ಮೂಳೆಯಿಂದ ಜಾರಬೇಕು, ಆದರೆ ತಟ್ಟೆಗೆ ಇಟ್ಟಾಗ ತುಂಡಾಗಿಯೇ ನಿಲ್ಲಬೇಕು. ಸೊಪ್ಪಿನ ಗಂಟನ್ನು ಹಿಂಡದೆ ತೆಗೆಯಿರಿ. ಮೇಲೆ ತೇಲುವ ಕೊಬ್ಬನ್ನು ಅಗಲವಾದ ಸೌಟನ್ನು ಓರೆಯಾಗಿ ಹಿಡಿದು ತೆಗೆಯಬೇಕು. ಕುರಿಯ ಕೊಬ್ಬು ಬೇಗ ಹೆಪ್ಪುಗಟ್ಟಿ ಅಂಗುಳಕ್ಕೆ ಮೆತ್ತುವುದರಿಂದ ಈ ಕೆಲಸದಲ್ಲಿ ಉದಾಸೀನ ಸಲ್ಲದು. ಬಡಿಸುವ ತಟ್ಟೆಗಳನ್ನೂ ಬಿಸಿನೀರಿನಲ್ಲಿ ಅದ್ದಿ ಒರೆಸಿಟ್ಟರೆ ಇನ್ನೂ ಒಳ್ಳೆಯದು.

ಗ್ರೇವಿ ತೆಳುವೆನಿಸಿದರೆ ಎರಡು ಸೌಟಿನಷ್ಟನ್ನು ಚಿಕ್ಕ ಪಾತ್ರೆಗೆ ತೆಗೆದು ಒಲೆಯ ಮೇಲೆ ಕುದಿಸಿ. ಒಂದು ಚಮಚ ಮೆತ್ತನೆಯ ಬೆಣ್ಣೆಗೆ ಅಷ್ಟೇ ಮೈದಾ ಸೇರಿಸಿ ಬೆರಳಿನಿಂದ ಕಲಸಿ, ಗೋಲಿಯಷ್ಟು ಉಂಡೆಗಳಾಗಿ ಒಂದೊಂದೇ ಹಾಕುತ್ತ ಕದಡಿದರೆ ಗಂಟಾಗದೆ ಗಟ್ಟಿಯಾಗುತ್ತದೆ. ಎರಡು ನಿಮಿಷ ಕುದಿಸಿ ವಾಪಸು ಸುರಿಯಿರಿ. ಉಪ್ಪು ನೋಡುವುದು ಎಲ್ಲಕ್ಕಿಂತ ಕೊನೆಗೆ. ಎಂಟು ಗಂಟೆ ಬೆಂದ ಅಡುಗೆ ಸ್ವಲ್ಪ ಮಂಕಾಗಿರುವುದು ಸಹಜ, ನಾಲ್ಕು ಹನಿ ವಿನೆಗರ್ ಮತ್ತು ಹೊಸದಾಗಿ ಕುಟ್ಟಿದ ಮೆಣಸು ಅದನ್ನು ಎಬ್ಬಿಸುತ್ತವೆ. ಹೆಚ್ಚಿದ ಕೊತ್ತಂಬರಿ ಸೊಪ್ಪನ್ನು ಧಾರಾಳವಾಗಿ ಅಲ್ಲ, ಕಂಡೂ ಕಾಣದಷ್ಟು ಉದುರಿಸಿ.

ಬೇಕರಿಯ ಗಟ್ಟಿ ಹೊರಪದರದ ಬ್ರೆಡ್ಡು ಇದಕ್ಕೆ ಸಹಜ ಜೊತೆ. ಜೋಳದ ರೊಟ್ಟಿಯೂ ಸೊಗಸಾಗಿ ಹೊಂದುತ್ತದೆ, ಬಿಸಿಯಾಗಿ ಮೆತ್ತಗಿದ್ದರೆ ಗ್ರೇವಿಯನ್ನು ಚೆನ್ನಾಗಿ ಹೀರುತ್ತದೆ. ರಾಗಿ ಮುದ್ದೆಗೆ ಮಾತ್ರ ಇದು ಒಪ್ಪುವುದಿಲ್ಲ. ಮುದ್ದೆ ಜಾರಲು ತೆಳ್ಳಗಿನ ಖಾರದ ಸಾರು ಬೇಕು, ಇದು ಗಂಟಲಲ್ಲಿ ನಿಲ್ಲುತ್ತದೆ. ಖಾರವಿಲ್ಲದ ಬಾಡೂಟವನ್ನು ಒಪ್ಪದ ಹಿರಿಯರಿಗೆ ಪಕ್ಕದಲ್ಲಿ ಕೆಂಪು ಚಟ್ನಿ ಇಟ್ಟುಬಿಡಿ, ಪಾತ್ರೆಗೆ ಖಾರದಪುಡಿ ಬೀಳುವುದು ತಪ್ಪುತ್ತದೆ.

ಉಳಿದದ್ದು ಮರುದಿನ ಹೆಚ್ಚು ರುಚಿ. ಆದರೆ ಅದನ್ನು ಪಿಂಗಾಣಿ ಪಾತ್ರೆಯ ಸಮೇತ ಫ್ರಿಜ್ಜಿಗೆ ಇಡಬಾರದು. ದಪ್ಪ ಪಾತ್ರೆ ಬಿಸಿಯನ್ನು ಹಿಡಿದಿಟ್ಟುಕೊಂಡು ಒಳಗಿನದು ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲವಾದ ಸ್ಟೀಲ್ ಡಬ್ಬಿಗಳಿಗೆ ತೆಳುವಾಗಿ ಹಂಚಿ, ಅಡುಗೆ ಇಳಿಸಿದ ಎರಡು ಗಂಟೆಯೊಳಗೆ ಒಳಗಿಡಿ. ಬೆಳಿಗ್ಗೆ ಮೇಲೆ ಬಿಳಿ ಹಲಗೆಯಂತೆ ಕಟ್ಟಿದ ಕೊಬ್ಬನ್ನು ಚಮಚದಿಂದ ಎಬ್ಬಿಸಿ ತೆಗೆದರೆ ಕೆಳಗಿನ ಗ್ರೇವಿ ಜೆಲ್ಲಿಯಂತೆ ನಡುಗುತ್ತಿರುತ್ತದೆ. ಮೂಳೆಯಿರುವ ಭಾಗ ಕೇಳಿ ತಂದದ್ದು ಸಾರ್ಥಕವಾಯಿತೆಂದು ತಿಳಿಯಿರಿ. ಮತ್ತೆ ಬಿಸಿ ಮಾಡುವುದು ಸ್ಲೋ ಕುಕ್ಕರಿನ ಕೆಲಸವಲ್ಲ. ಒಲೆಯ ಮೇಲೆ, ತುಸು ನೀರು ಚಿಮುಕಿಸಿ, ಗುಳುಗುಳು ಕುದಿ ಬರುವ ತನಕ ಕಾಯಿಸಿ, ಎರಡು ಮೂರು ದಿನದೊಳಗೆ ತಿಂದು ಮುಗಿಸಿ.